ಗೋಡೆಯ ಮೇಲಿನ ಆ ಒಂದು ಸಾಲು

ಹೆಚ್ಚೂಕಡಿಮೆ ಇದೇ ಮಾತನ್ನು ನನ್ನೆದುರು ಕೂತು ಹೇಳಿದವರಲ್ಲಿ ಈಕೆ ಮೂರನೆಯವರು. ಮೊದಲಿಬ್ಬರಿಗೆ ನಾನು ಸರಿಯಾದ ಉತ್ತರ ಕೊಟ್ಟಿರಲಿಲ್ಲ ಅನ್ನುವುದು ಈಗ ಗೊತ್ತಾಗುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆಕೆಯ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ದುರಂತ ಯಾವುದು ಎಂದೂ ಹೇಳುವುದಿಲ್ಲ. ಇಡೀ ದೇಶ ದಿನಗಟ್ಟಲೆ ಟಿವಿ ಮುಂದೆ ಕೂತು ನೋಡಿದ ಸಾವುನೋವು ಅದು. ಅಷ್ಟು ಸಾಕು.

ಸತ್ತವರಲ್ಲಿ ಈಕೆಯ ಅಣ್ಣನೂ ಒಬ್ಬ. ನಿದ್ದೆ ಬರುತ್ತಿಲ್ಲ ಎಂದು ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದಿದ್ದರು. ಮೊದಲ ಎರಡು ಭೇಟಿಯಲ್ಲಿ ಬರೀ ನಿದ್ದೆಯ ಮಾತೇ ಆಯಿತು. ಮೂರನೇ ಸಲ ಬಂದವರು ಚೀಲ ಕೆಳಗಿಡುವ ಮೊದಲೇ ಹೇಳಿದರು, "ಮೇಡಂ, ನಾನೊಂದು ಸುಳ್ಳು ಹೇಳಿದ್ದೀನಿ. ಅದನ್ನ ಗೋಡೆ ಮೇಲೆ ಬರೆದುಬಿಟ್ಟಿದ್ದಾರೆ."

ಆದದ್ದು ಇಷ್ಟು. ದುರಂತ ನಡೆದು ತಿಂಗಳಾಗುವುದರೊಳಗೆ ಆ ಭಾಗದ ಕೆಲವು ಹುಡುಗ ಹುಡುಗಿಯರು ಸೇರಿ ಒಂದು ಉದ್ದನೆಯ ಗೋಡೆಗೆ ಸತ್ತವರ ಚಿತ್ರ ಬರೆಯಲು ಹೊರಟರು. ಜೊತೆಗೆ ಒಂದು ಸಂಜೆ ಎಲ್ಲರೂ ಸೇರಿ ನೆನಪು ಹೇಳಿಕೊಳ್ಳುವುದು ಅಂತ ಆಯಿತು. ಒಳ್ಳೆಯ ಮನಸ್ಸಿನಿಂದ ಮಾಡಿದ್ದು, ಅದರಲ್ಲಿ ಅನುಮಾನವಿಲ್ಲ. ನಾನೇ ಇಂಥ ಎಷ್ಟೋ ಕಡೆ ಬಣ್ಣದ ಡಬ್ಬಿ ಹಿಡಿದು ಹೋಗಿದ್ದೇನೆ. ಗುಂಡಗೆ ಕೂತು ಒಬ್ಬೊಬ್ಬರಾಗಿ ಹೇಳುತ್ತಾ ಬಂದರು. ಒಬ್ಬರು ಮುಗಿಸಿದ ಕೂಡಲೇ ಚಪ್ಪಾಳೆ. ಕೆಲವರು ಅಳುತ್ತಿದ್ದರು, ಯಾರೋ ವಿಡಿಯೊ ಮಾಡುತ್ತಿದ್ದರು. ಮೈಕು ಈಕೆಯ ಕೈಗೆ ಬಂತು.

"ಬೇಡ ಅಂದೆ. ಪಕ್ಕದವರು ಬೆನ್ನು ಸವರಿ, ಹೇಳಮ್ಮ, ಹಗುರ ಆಗುತ್ತೆ ಅಂದರು. ಎಲ್ಲರೂ ನನ್ನನ್ನೇ ನೋಡ್ತಿದ್ದರು. ಏನಾದರೂ ಹೇಳಲೇಬೇಕಿತ್ತಲ್ವಾ?"

ಹೇಳಿದರು. ಹಿಂದಿನ ರಾತ್ರಿ ಅಣ್ಣ ಫೋನ್ ಮಾಡಿದ್ದ, 'ಎಲ್ಲರನ್ನೂ ಚೆನ್ನಾಗಿ ನೋಡ್ಕೋ ಪುಟ್ಟಿ' ಅಂದ, ಅದೇ ಅವನ ಕೊನೆಯ ಮಾತು ಎಂದು. ಜನ ಬಿಕ್ಕಿ ಬಿಕ್ಕಿ ಅತ್ತರು. ಎರಡು ದಿನ ಬಿಟ್ಟು ನೋಡಿದರೆ, ಗೋಡೆಯಲ್ಲಿ ಅಣ್ಣನ ಚಿತ್ರದ ಕೆಳಗೆ ಆ ಸಾಲು ದಪ್ಪಕ್ಷರದಲ್ಲಿತ್ತು.

ನಿಜ ಬೇರೆ. ದುಡ್ಡಿನ ವಿಷಯಕ್ಕೆ ಜಗಳವಾಗಿ ಅಣ್ಣ ತಂಗಿ ಹದಿನಾಲ್ಕು ತಿಂಗಳು ಮಾತು ಬಿಟ್ಟಿದ್ದರು. ದುರಂತಕ್ಕೆ ಮೂರು ದಿನ ಮೊದಲು ಅಣ್ಣ ಫೋನ್ ಮಾಡಿದ್ದು ಹೌದು. ಈಕೆ ಕಟ್ ಮಾಡಿದ್ದರು.

ಇಲ್ಲಿ ನಾನು ಏನಾದರೂ ಸಮಾಧಾನದ ಮಾತು ಹೇಳಬಹುದಿತ್ತು. ಮೊದಲಿಬ್ಬರಿಗೆ ಹಾಗೇ ಮಾಡಿದ್ದೆ. 'ನಿಮ್ಮ ತಪ್ಪಲ್ಲ' ಅಂದಿದ್ದೆ, ಅವರು ತಲೆಯಾಡಿಸಿದ್ದರು, ಮತ್ತೆ ಬರಲಿಲ್ಲ. ಈ ಸಲ ಸುಮ್ನೆ ಕೂತೆ. ಸುಮಾರು ಹೊತ್ತಾದ ಮೇಲೆ ಆಕೆಯೇ ಹೇಳಿದರು.

"ಅವನು ನನ್ನನ್ನ ಯಾವತ್ತೂ ಪುಟ್ಟಿ ಅಂತ ಕರೆದೇ ಇಲ್ಲ ಮೇಡಂ. ಆ ಹೆಸರು ಎಲ್ಲಿಂದ ಬಾಯಿಗೆ ಬಂತೋ."

"ಮತ್ತೆ ಏನಂತ ಕರೀತಿದ್ದರು?"

"ಕೋತಿ ಅಂತ."

ಅಂದವರೇ ನಕ್ಕರು. ನಗು ಅರ್ಧದಲ್ಲೇ ಮುರಿದು ಅಳುವಾಯಿತು. ಅಣ್ಣ ಸತ್ತ ಮೇಲೆ ಅತ್ತದ್ದು ಅದೇ ಮೊದಲು ಎಂದು ಆಮೇಲೆ ಹೇಳಿದರು. ನೂರು ಜನರ ನಡುವೆ ಪುಟ್ಟಿಗಾಗಿ ಎಲ್ಲರೂ ಅತ್ತಿದ್ದರು. ಕೋತಿಗೆ ಅಳು ಬಂದದ್ದು ಇಲ್ಲಿ.

ಅವತ್ತು ನನ್ನ ಟೇಬಲ್ ಮೇಲೆ ಕ್ರೇಯಾನ್ ಡಬ್ಬಿ ಇತ್ತು, ಹಿಂದಿನ ಭೇಟಿಗೆ ಬಂದಿದ್ದ ಮಗುವಿಗೆ ತೆಗೆದದ್ದು. ಬಿಳಿ ಹಾಳೆ ಮುಂದಿಟ್ಟು, ಗೋಡೆ ಮರೆತುಬಿಡಿ, ನಿಮಗೆ ಏನು ಕಾಣುತ್ತೆ ಅದನ್ನ ಬರೆಯಿರಿ, ಬೇಡ ಅನಿಸಿದರೆ ಬಿಡಿ ಎಂದೆ. ಅಣ್ಣನ ಮುಖ ಬರೆಯುತ್ತಾರೆ ಅಂದುಕೊಂಡಿದ್ದೆ. ಆಕೆ ಬರೆದದ್ದು ತನ್ನ ಮೊಬೈಲು. ಪರದೆಯಲ್ಲಿ ಎರಡು ವೃತ್ತ, ಒಂದು ಕೆಂಪು, ಒಂದು ಹಸಿರು. ಅದಕ್ಕೆ ಎರಡು ನಿಮಿಷ ಹಿಡಿಯಲಿಲ್ಲ. ಮೊಬೈಲಿನ ಮೂಲೆಯಲ್ಲಿ ಗಾಜು ಒಡೆದಿತ್ತಂತೆ. ಆ ಬಿರುಕನ್ನು ಮಾತ್ರ ಅರ್ಧ ಗಂಟೆ ಬರೆದರು. ಒಂದೊಂದೇ ಗೆರೆ, ಜೇಡರ ಬಲೆಯ ಹಾಗೆ. ಅಣ್ಣನ ಹೆಸರು ಮೂಡಿದ್ದು ಆ ಬಿರುಕಿನ ಅಡಿಯಲ್ಲಂತೆ. ಬಿರುಕಿದ್ದದ್ದರಿಂದ ಹೆಸರು ಪೂರ್ತಿ ಓದಲಿಕ್ಕೆ ಆಗಲಿಲ್ಲ ಎಂದು ಎಷ್ಟೋ ದಿನ ತನಗೆ ತಾನೇ ಹೇಳಿಕೊಂಡಿದ್ದರಂತೆ.

ಆಗ ನಾನು ಜಪಾನಿನ ಒಂದು ಫೋನಿನ ಕಥೆ ಹೇಳಿದೆ. ಇದು ಕಥೆಯಲ್ಲ, ನಿಜ. ಒಟ್ಸುಚಿ ಎಂಬ ಊರಿನಲ್ಲಿ ಇತಾರು ಸಾಸಾಕಿ ಎನ್ನುವವರು 2010ರಲ್ಲಿ ತಮ್ಮ ತೋಟದಲ್ಲಿ ಒಂದು ಬಿಳಿ ಫೋನ್ ಬೂತು ನಿಲ್ಲಿಸಿದರು. ಸತ್ತುಹೋದ ಸೋದರಸಂಬಂಧಿಯ ಜೊತೆ ಮಾತಾಡಲು. ಫೋನಿಗೆ ಯಾವ ಸಂಪರ್ಕವೂ ಇಲ್ಲ, ಹಳೇ ಕಾಲದ ಡಯಲ್ ಫೋನು, ಅಷ್ಟೇ. 2011ರ ಮಾರ್ಚ್‌ನಲ್ಲಿ ಸುನಾಮಿ ಆ ಊರನ್ನು ನುಂಗಿತು. ಆಮೇಲೆ ಮನೆಯವರನ್ನು ಕಳೆದುಕೊಂಡ ಸಾವಿರಾರು ಜನ ಅಲ್ಲಿಗೆ ಬಂದು, ಬಾಗಿಲು ಹಾಕಿಕೊಂಡು, ತಮಗೆ ಬೇಕಾದ ನಂಬರು ತಿರುಗಿಸಿ ಮಾತಾಡಿದರು. ಬೈದವರೂ ಇರಬಹುದು, ಕ್ಷಮೆ ಕೇಳಿದವರೂ ಇರಬಹುದು. ಆ ಕಡೆ ಕೇಳುವವರು ಯಾರೂ ಇಲ್ಲವಾದ್ದರಿಂದ ಚಪ್ಪಾಳೆಯೂ ಇಲ್ಲ. ನನ್ನ ಮಟ್ಟಿಗೆ ಆ ಬೂತಿನ ಶಕ್ತಿಯೇ ಅದು.

ಈಕೆಗೆ ನಾನು ಕೊಟ್ಟ ಸಲಹೆ ಹೀಗಿತ್ತು. ಆ ಸಂಜೆ ಹೇಳಿದ್ದನ್ನು ಊರ ಮುಂದೆ ನಿಂತು ಸರಿಪಡಿಸುವ ಸಾಲ ನಿಮ್ಮ ಮೇಲಿಲ್ಲ. ಆದರೆ ಆ ಸಾಲು ಕಣ್ಣಿಗೆ ಚುಚ್ಚುತ್ತಿದ್ದರೆ ಅಳಿಸಿ ಎಂದು ಕೇಳಬಹುದು, ಕಾರಣ ಕೊಡಬೇಕಿಲ್ಲ, 'ಮನೆಯವರಿಗೆ ಬೇಡ' ಅಂದರೆ ಮುಗಿಯಿತು. ನಿಜವಾದ ಮಾತು ಯಾರಾದರೂ ಒಬ್ಬರಿಗೆ ಹೇಳಿ. ಯಾರಿಗೆ, ಯಾವಾಗ ಅನ್ನುವುದು ನಿಮ್ಮಿಷ್ಟ. ಈ ಚಿತ್ರ ನಿಮ್ಮದು, ಹರಿದರೂ ಸರಿ.

ಸಂಘಟಕರಲ್ಲಿ ಒಬ್ಬರು ನನಗೆ ಫೋನ್ ಮಾಡಿ ಬೇಜಾರು ಮಾಡಿಕೊಂಡರು. ಈಕೆಯೇ ನನ್ನ ಹೆಸರು ಹೇಳಿದ್ದರಂತೆ. 'ಜನ ಒಗ್ಗಟ್ಟಾಗಿ ದುಃಖ ಹೇಳಿಕೊಳ್ಳೋದನ್ನೂ ನೀವು ತಪ್ಪು ಅಂತೀರಾ?' ಎಂದು ಕೇಳಿದರು. ಒಳಗಿನ ವಿಷಯ ನಾನು ಅವರಿಗೆ ಹೇಳುವ ಹಾಗಿರಲಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಇನ್ನೂ ನೇರವಾಗಿ ಕೇಳಿದರು, ಸುಳ್ಳನ್ನು ಮುಚ್ಚಿಡಲು ಸಹಾಯ ಮಾಡಿದಂತೆ ಆಗಲಿಲ್ವಾ ಎಂದು. ಇಬ್ಬರಿಗೂ ಇಲ್ಲೇ ಉತ್ತರ ಕೊಡುತ್ತೇನೆ.

ದುಃಖವನ್ನು ಕೂಡಲೇ ಬಾಯಿಬಿಟ್ಟು ಹೇಳಿಸಿದರೆ ವಾಸಿಯಾಗುತ್ತದೆ ಎಂದು ನಮ್ಮ ಕ್ಷೇತ್ರವೂ ಒಂದು ಕಾಲದಲ್ಲಿ ನಂಬಿತ್ತು. 1980ರ ದಶಕದಿಂದ, ಅವಘಡ ಆದ ಕೆಲವೇ ದಿನಗಳಲ್ಲಿ ಜನರನ್ನು ಕೂರಿಸಿ ಆದದ್ದನ್ನೆಲ್ಲ ಹೇಳಿಸುವ ಪದ್ಧತಿ ಬೆಳೆಯಿತು. ಆಮೇಲೆ ಪರೀಕ್ಷಿಸಿ ನೋಡಿದಾಗ ಒಂದೇ ಸಲ ಕೂರಿಸಿ ಹೇಳಿಸುವುದರಿಂದ ಲಾಭ ಕಾಣಲಿಲ್ಲ, ಕೆಲವರಿಗೆ ತೊಂದರೆಯೇ ಜಾಸ್ತಿ ಆದಂತಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ, ನಡೆದದ್ದನ್ನು ಹೇಳಿ ಎಂದು ಯಾರನ್ನೂ ಒತ್ತಾಯಿಸಬೇಡಿ ಎನ್ನುತ್ತದೆ. ಪಕ್ಕದಲ್ಲಿ ಕೂರಿ, ಹೇಳಿದರೆ ಕೇಳಿ, ಅಷ್ಟೇ.

ಹಾಗಂತ ಕಲೆ ಬೇಡ, ಕಥೆ ಬೇಡ ಅನ್ನುವವಳಲ್ಲ ನಾನು. 1974ರಲ್ಲಿ ಎಪ್ಪತ್ತು ದಾಟಿದ ವೃದ್ಧರೊಬ್ಬರು ಹಿರೋಷಿಮಾದಲ್ಲಿದ್ದ, ಜಪಾನಿನ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆ ಕೇಂದ್ರಕ್ಕೆ ತಾವೇ ಬರೆದ ಒಂದು ಚಿತ್ರ ತಂದುಕೊಟ್ಟರು. ಬಾಂಬ್ ಬಿದ್ದ ದಿನ ಕಂಡ ದೃಶ್ಯ ಅದು. ಕೇಂದ್ರದವರು ಬೇರೆಯವರನ್ನೂ ಕೇಳಿದಾಗ ಎರಡು ಸಾವಿರಕ್ಕೂ ಜಾಸ್ತಿ ಚಿತ್ರ ಬಂದವು. ಬರೆದವರಲ್ಲಿ ಬಹಳ ಜನ ಕುಂಚ ಹಿಡಿದವರೇ ಅಲ್ಲ. ಬಾಂಬ್ ಬಿದ್ದದ್ದು 1945ರಲ್ಲಿ. ಅಂದರೆ ಇಪ್ಪತ್ತೊಂಬತ್ತು ವರ್ಷ! ನಾವು ಇಪ್ಪತ್ತೊಂಬತ್ತು ದಿನದಲ್ಲಿ ಮೈಕು ಕೊಡುತ್ತೇವೆ. ಚಿಲಿಯಲ್ಲಿ 1973ರ ಸೇನಾ ದಂಗೆಯ ನಂತರ ಮಕ್ಕಳೋ ಗಂಡಂದಿರೋ ಕಾಣೆಯಾಗಿದ್ದ ಹೆಂಗಸರು ಒಟ್ಟಿಗೆ ಕೂತು, ಚಿಂದಿ ಬಟ್ಟೆ ಹೊಲಿದು ಚಿತ್ರ ಮಾಡಿದರು. ಕೈಗೆ ಕೆಲಸ ಇದ್ದುದರಿಂದ ಮಾತಾಡದವರೂ ಅಲ್ಲಿ ಕೂರಬಹುದಿತ್ತು, ಮುಖ ನೋಡದೆ ಮಾತಾಡಲೂಬಹುದಿತ್ತು ಎಂದು ನನಗೆ ಅನಿಸುತ್ತದೆ. ಮೈಕು ಹಿಡಿದವರಿಗೆ ಆ ಅನುಕೂಲ ಇಲ್ಲ.

ಸುಳ್ಳಿನ ವಿಷಯ. ನೂರು ಜೊತೆ ಕಣ್ಣು ಒಂದು ಒಳ್ಳೆಯ ಕೊನೆಗಾಗಿ ಕಾಯುತ್ತಿದ್ದರೆ ಬಾಯಿ ಆ ಕೊನೆಯನ್ನೇ ಕೊಡುತ್ತದೆ. ಆ ಸಾಲಿನಲ್ಲಿ ಅಲ್ಲಿ ಕೂತವರೆಲ್ಲರ ಪಾಲೂ ಇತ್ತು. ಅದನ್ನು ಈಕೆ ಒಬ್ಬರೇ ಹೊತ್ತು ತಿರುಗಬೇಕು ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಜಗಳವಾಡಿದ ಅಣ್ಣನಿಗೂ ಗೋಡೆಯಲ್ಲಿ ಜಾಗ ಇದೆ ಎಂದು ಮೊದಲೇ ಗೊತ್ತಾಗಿದ್ದರೆ ಬಹುಶಃ ಸುಳ್ಳೇ ಬೇಕಾಗುತ್ತಿರಲಿಲ್ಲ.

ಈಗ ಯಾರಾದರೂ ಇಂಥ ಕಾರ್ಯಕ್ರಮಕ್ಕೆ ಕರೆದರೆ ಮೊದಲೇ ಕೇಳುತ್ತೇನೆ: ಚಪ್ಪಾಳೆ ಇರುತ್ತಾ, ವಿಡಿಯೊ ಮಾಡ್ತೀರಾ ಎಂದು. ಹೌದು ಅಂದರೆ ನಾನು ಬರುವುದಿಲ್ಲ. ಸುಮ್ನೆ ಕೂರುವವರಿಗೆ ಬಾಗಿಲ ಹತ್ತಿರ ನಾಲ್ಕು ಕುರ್ಚಿ ಹಾಕಿಸುತ್ತೇನೆ. ಯಾರು ಹೇಳಿದ್ದನ್ನೇ ಆಗಲಿ, ಗೋಡೆಗೆ ಏರಿಸುವ ಮೊದಲು ಕೆಲವು ವಾರ ಬಿಟ್ಟು ಮತ್ತೊಮ್ಮೆ ಅವರನ್ನೇ ಕೇಳಿ ಎನ್ನುತ್ತೇನೆ. ಇದರಿಂದ ಕೆಲವರು ನನ್ನನ್ನು ಕರೆಯುವುದನ್ನೇ ಬಿಟ್ಟಿದ್ದಾರೆ.

ಈಕೆ ಒಂದೂವರೆ ತಿಂಗಳ ಮೇಲೆ ಅತ್ತಿಗೆಯ ಬಳಿ ಆ ಫೋನ್ ವಿಷಯ ಹೇಳಿದರು. ಅತ್ತಿಗೆಗೆ ಮೊದಲೇ ಗೊತ್ತಿತ್ತಂತೆ. ಕಟ್ ಮಾಡಿದಾಗ ಅಣ್ಣ ಪಕ್ಕದಲ್ಲೇ ಕೂತು ಬೈದುಕೊಂಡಿದ್ದನಂತೆ, 'ಕೋತಿಗೆ ಇನ್ನೂ ಕೊಬ್ಬು ಇಳಿದಿಲ್ಲ' ಎಂದು. ನಿದ್ದೆ ಪೂರ್ತಿ ಸರಿಹೋಗಿಲ್ಲ, ಮೊದಲಿಗಿಂತ ಪರವಾಗಿಲ್ಲ.

ಸಾಲನ್ನೂ ಅಳಿಸಿದ್ದಾರೆ. ಹೋಗಿ ನೋಡಿಕೊಂಡು ಬಂದು ನನಗೆ ಫೋನ್ ಮಾಡಿದರು. "ಬಣ್ಣ ಮ್ಯಾಚ್ ಆಗಿಲ್ಲ ಮೇಡಂ, ತೇಪೆ ಹಾಕಿದ ಹಾಗಿದೆ." ಅಲ್ಲಿ ನಿಂತಿದ್ದ ಹುಡುಗನೊಬ್ಬ ಇಲ್ಲೇನು ಬರೆದಿತ್ತು ಎಂದು ಕೇಳಿದನಂತೆ. ನೀವೇನಂದಿರಿ ಎಂದೆ.

"ಒಂದು ಸಾಲಿತ್ತು, ನಾನೇ ತೆಗೆಸಿದೆ ಅಂದೆ."