ಓದುಗರ ಪ್ರಶ್ನೆ: ಸಂಘದ ಪೂಜೆಗೆ ಬರಲೇಬೇಕು ಅಂದರೆ?

ಪ್ರಶ್ನೆ: ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ, ವಿಜ್ಞಾನ ಸಂಘದ ಕಾರ್ಯದರ್ಶಿ. ಉದ್ಘಾಟನೆಯ ದಿನ ಲ್ಯಾಬಿನಲ್ಲಿ ಪೂಜೆ ಇದೆ, ಸದಸ್ಯರೆಲ್ಲ ತಲಾ 200 ರೂಪಾಯಿ ಕೊಟ್ಟು ಹಾಜರಿರಬೇಕು ಎಂದು ಸಂಚಾಲಕರು ಹೇಳಿದ್ದಾರೆ. ಬೇರೆ ಧರ್ಮದ ಇಬ್ಬರು ಮತ್ತು ದೇವರನ್ನು ನಂಬದ ಒಬ್ಬ ಒಲ್ಲೆವು ಎನ್ನುತ್ತಿದ್ದಾರೆ. ‘ಇದು ಸಂಸ್ಕೃತಿ, ಇಷ್ಟವಿಲ್ಲದವರು ಸಂಘ ಬಿಡಲಿ’ ಅನ್ನುತ್ತಾರೆ ಸರ್. ಇಂಟರ್ನಲ್ಸ್ (ಕಾಲೇಜಿನಲ್ಲೇ ಕೊಡುವ ಆಂತರಿಕ) ಅಂಕ ಅವರ ಕೈಯಲ್ಲಿದೆ. ಏನು ಮಾಡಲಿ?
– ಹೆಸರು ಬೇಡ, ತುಮಕೂರು ಜಿಲ್ಲೆ

ಉತ್ತರ: ಯಾವುದನ್ನು ಪ್ರಶ್ನಿಸುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ‘ಪೂಜೆಯೇ ಬೇಡ’ ಎಂದು ಹೊರಟರೆ ಕಾಲೇಜು ಎರಡು ಪಾಳಯವಾಗುತ್ತದೆ, ಕಾನೂನಿನ ಆಸರೆಯೂ ಅಷ್ಟು ಗಟ್ಟಿಯಿಲ್ಲ. ಸಂವಿಧಾನದ 28(1)ನೇ ವಿಧಿ ಪೂರ್ತಿಯಾಗಿ ಸರ್ಕಾರಿ ಹಣದಲ್ಲಿ ನಡೆಯುವ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ. ವರ್ಷಕ್ಕೊಮ್ಮೆಯ ಪೂಜೆ ‘ಬೋಧನೆ’ಯೇ ಎಂದು ವಾದ ಹೂಡಿದರೆ ಅದು ಮುಗಿಯುವುದಿಲ್ಲ. ನಿಮಗೆ ಬೇಕಾದದ್ದು 28(3). ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಓದುವ ಯಾರನ್ನೂ ಅವರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೆ ಅಥವಾ ಆರಾಧನೆಗೆ ಹಾಜರಾಗುವಂತೆ ಮಾಡುವಂತಿಲ್ಲ. 18 ತುಂಬದವರ ಪರವಾಗಿ ಪೋಷಕರ ಒಪ್ಪಿಗೆ ಬೇಕು. ಹಾಗಾಗಿ ನಿಮ್ಮ ತಕರಾರು ಎರಡೇ ವಿಷಯಕ್ಕೆ ಸೀಮಿತವಾಗಿರಲಿ: ಕಡ್ಡಾಯ ಹಾಜರಿ, ಕಡ್ಡಾಯ ವಂತಿಗೆ.

ವಂತಿಗೆಗೆ 27ನೇ ವಿಧಿಯನ್ನು ಎಳೆದು ತರುವವರಿದ್ದಾರೆ. ಅದು ತೆರಿಗೆಯ ಮಾತು, ಇಲ್ಲಿ ನಿಲ್ಲುವುದಿಲ್ಲ. ಅದರ ಬದಲು ಸರಳವಾಗಿ ಕೇಳಿ: ಈ 200 ರೂಪಾಯಿಗೆ ಯಾವ ಸಭೆಯ ನಡಾವಳಿಯಲ್ಲಿ ತೀರ್ಮಾನವಾಗಿದೆ? ರಸೀದಿ ಯಾರ ಹೆಸರಿನಲ್ಲಿ? ನಡಾವಳಿ ಪುಸ್ತಕ ಬರೆಯುವವರು ನೀವೇ ಆದ್ದರಿಂದ ಉತ್ತರ ನಿಮಗೆ ಆಗಲೇ ಗೊತ್ತಿರುತ್ತದೆ.

ಮೊದಲ ಮಾತು ಸ್ಟಾಫ್ ರೂಮಿನ ಹೊರಗೆ, ಇಬ್ಬರೇ ಇದ್ದಾಗ, ಸುತ್ತೋಲೆ ಹೊರಡುವ ಮುನ್ನ ಆಗಲಿ. ವಾಟ್ಸಾಪ್ ಗುಂಪಿನಲ್ಲಿ ಬೇಡವೇ ಬೇಡ. ಅರವತ್ತು ವಿದ್ಯಾರ್ಥಿಗಳೆದುರು ಯಾವ ಮೇಷ್ಟ್ರೂ ಹಿಂದೆ ಸರಿಯುವುದಿಲ್ಲ, ಸ್ಕ್ರೀನ್‌ಶಾಟ್ ಸಂಜೆಯೊಳಗೆ ಊರಿಡೀ ಸುತ್ತುತ್ತದೆ. ಬರಿಗೈಯಲ್ಲಿ ಹೋಗದೆ ಒಂದು ದಾರಿ ತೋರಿಸಿ: ‘ಸರ್, ಪೂಜೆ ಒಂಬತ್ತೂವರೆಗೆ ಇರಲಿ, ಬರುವವರು ಬರಲಿ. ಉದ್ಘಾಟನೆ ಹತ್ತೂವರೆಗೆ, ಸಸಿಗೆ ನೀರೆರೆದು ಶುರು ಮಾಡೋಣ. ಹಾಜರಿ ಅದಕ್ಕೆ ಮಾತ್ರ ತೆಗೆದುಕೊಳ್ಳೋಣ. ಪೂಜೆಯ ಖರ್ಚಿಗೆ ಇಷ್ಟವಿದ್ದವರು ಕೊಡಲಿ, ಲೆಕ್ಕ ಬೇರೆ ಇಡುತ್ತೇನೆ.’ ಬಹಳ ಕಡೆ ವಿಷಯ ಇಲ್ಲಿಗೇ ಮುಗಿಯುತ್ತದೆ, ಏಕೆಂದರೆ ಸಂಚಾಲಕರಿಗೆ ಮುಖ ಉಳಿಯುತ್ತದೆ. ಸಂಸ್ಕೃತಿಯೋ ಧರ್ಮವೋ ಎಂಬ ಚರ್ಚೆಗೆ ಕರೆದರೆ ಹೋಗಬೇಡಿ. ‘ಬಾರದವರ ಸದಸ್ಯತ್ವಕ್ಕೆ ತೊಂದರೆ ಇಲ್ಲ ತಾನೆ, ಸರ್?’ ಎಂಬ ಪ್ರಶ್ನೆಗೆ ವಾಪಸ್ ಬನ್ನಿ.

ಒಪ್ಪದಿದ್ದರೆ ಪ್ರಾಂಶುಪಾಲರಿಗೆ ಒಂದು ಪುಟದ ಮನವಿ ಬರೆಯಿರಿ, ‘ಸಂಚಾಲಕರ ಮೂಲಕ’ ಎಂದು ನಮೂದಿಸಿ. ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ಆವಕ ಸಂಖ್ಯೆ (ಕಚೇರಿಗೆ ಬಂದ ಪತ್ರಕ್ಕೆ ಕೊಡುವ ಸಂಖ್ಯೆ), ದಿನಾಂಕ, ಮುದ್ರೆ ಹಾಕಿಸಿಕೊಳ್ಳಿ. ಅದರಲ್ಲಿ ಏನು ಹೇಳಿದರು, ಯಾವ ದಿನ, ನಿಮಗೇನು ಬೇಕು, ಇಷ್ಟೇ ಇರಲಿ. ಸಂಚಾಲಕರ ಜಾತಿ, ಪಕ್ಷ, ಭಕ್ತಿಯ ಬಗ್ಗೆ ಒಂದಕ್ಷರ ಬಿದ್ದರೂ ಮನವಿ ದ್ವೇಷದ ಪತ್ರವಾಗಿ ಓದಿಸಿಕೊಳ್ಳುತ್ತದೆ. ಆ ಮೂವರ ಹೆಸರನ್ನು ಅವರನ್ನು ಕೇಳದೆ ಬರೆಯಬೇಡಿ. ಅವರೇ ಸಹಿ ಹಾಕಿದರೆ ಸರಿ, ಇಲ್ಲವಾದರೆ ‘ಕೆಲವು ಸದಸ್ಯರು’ ಸಾಕು.

ಮುಂದಿನ ಮೆಟ್ಟಿಲು ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2023ರ ನಿಯಮಗಳ ಪ್ರಕಾರ ಅದು ದೂರು ಬಂದ 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕೆಂಬ ನಿರೀಕ್ಷೆಯಿದೆ. ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನಗಳಲ್ಲಿ, ವಿಶ್ವವಿದ್ಯಾಲಯದ ಮಟ್ಟದಲ್ಲಿ ದೂರು ಕೇಳುವ ಅಧಿಕಾರಿಯಾದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಹಾಕಬಹುದು. ಅನಾಮಧೇಯ ಪತ್ರವನ್ನು ನೆಚ್ಚಿಕೊಳ್ಳಬೇಡಿ.

ಇಂಟರ್ನಲ್ಸ್ ಭಯ ಸುಳ್ಳಲ್ಲ. ಮನವಿ ಕೊಡುವ ಮೊದಲೇ ಕಿರುಪರೀಕ್ಷೆಯ ಉತ್ತರಪತ್ರಿಕೆ, ಅಸೈನ್‌ಮೆಂಟ್, ಸಹಿಯಾದ ಪ್ರಯೋಗ ದಾಖಲೆಗಳ ಫೋಟೊ ದಿನಾಂಕ ಸಮೇತ ಇಟ್ಟುಕೊಳ್ಳಿ. ಮೌಲ್ಯಮಾಪನದಲ್ಲಿ ಅನ್ಯಾಯವಾದರೆ ಅದನ್ನೂ ಇದೇ ಸಮಿತಿಯ ಮುಂದೆ ಒಯ್ಯಬಹುದು, ಆದರೆ ಕೈಯಲ್ಲಿ ಕಾಗದವಿರಬೇಕು.

ಪ್ರಶ್ನೆ: ನಮ್ಮದು ಧಾರ್ಮಿಕ ಸಂಸ್ಥೆಯೊಂದು ನಡೆಸುವ ಅನುದಾನಿತ ಪಿಯು ಕಾಲೇಜು. ನಮಗೂ ಇದೇ ನಿಯಮವೇ?
– ಒಬ್ಬ ವಿದ್ಯಾರ್ಥಿನಿ, ದಕ್ಷಿಣ ಕನ್ನಡ

ಉತ್ತರ: ಅರ್ಧ ಮಾತ್ರ. ಆಡಳಿತ ಮಂಡಳಿ ತನ್ನ ಪ್ರಾರ್ಥನೆಯನ್ನು ನಡೆಸಬಹುದು, ನಿಲ್ಲಿಸಿ ಎನ್ನಲಾಗದು. ನಿಮ್ಮನ್ನು ಕೂರಿಸಲು ಮಾತ್ರ ಒಪ್ಪಿಗೆ ಬೇಕು, 28(3) ಅನುದಾನಿತ ಸಂಸ್ಥೆಗೂ ಅನ್ವಯಿಸುತ್ತದೆ. ಪ್ರವೇಶದ ಅರ್ಜಿಯನ್ನು ಒಮ್ಮೆ ತೆಗೆದು ನೋಡಿ. ‘ಸಂಸ್ಥೆಯ ಧಾರ್ಮಿಕ ಕಾರ್ಯಕ್ರಮಗಳಲ್ಲಿ ಭಾಗವಹಿಸಲು ಒಪ್ಪಿದ್ದೇವೆ’ ಎಂಬಂಥ ಸಾಲಿನ ಕೆಳಗೆ ಅಪ್ಪನೋ ಅಮ್ಮನೋ ಓದದೆ ಸಹಿ ಹಾಕಿರಬಹುದು. ಹಾಗಿದ್ದರೆ ಮೊದಲು ಅವರಿಂದಲೇ, ಒಪ್ಪಿಗೆ ಹಿಂತೆಗೆದುಕೊಂಡಿದ್ದೇವೆ ಎಂಬ ಪತ್ರ ಕೊಡಿಸಿ. ಅಲ್ಲಿಯವರೆಗೆ ಹಾಜರಿರಬೇಕಾಗಿ ಬಂದರೆ ಸುಮ್ಮನೆ, ಗೌರವದಿಂದ ನಿಂತಿರಿ. ರಾಷ್ಟ್ರಗೀತೆ ಹಾಡದೆ ಎದ್ದು ನಿಂತಿದ್ದಕ್ಕೆ ಶಾಲೆಯಿಂದ ಹೊರಹಾಕಲಾಗಿದ್ದ ಕೇರಳದ ಮೂವರು ಮಕ್ಕಳನ್ನು ಮರಳಿ ಸೇರಿಸಿಕೊಳ್ಳುವಂತೆ ಸುಪ್ರೀಂ ಕೋರ್ಟ್ 1986ರಲ್ಲಿ ಹೇಳಿತ್ತು. ಅದು ಪೂಜೆಯ ಪ್ರಕರಣವಲ್ಲದಿದ್ದರೂ ಮೌನವಾಗಿ ನಿಲ್ಲುವುದು ಅಗೌರವವಲ್ಲ ಎನ್ನಲು ಆಧಾರವಾಗುತ್ತದೆ.

ಪ್ರಶ್ನೆ: ಮಗ ಇಲ್ಲಿನ ಪಬ್ಲಿಕ್ (ಅಂದರೆ ಸರ್ಕಾರಿ) ಹೈಸ್ಕೂಲಿನಲ್ಲಿ ಹಿಂದೂ ವಿದ್ಯಾರ್ಥಿ ಸಂಘ ಶುರು ಮಾಡಿದ್ದಾನೆ. ಯೋಗ ಮಾಡಿ, ಭಜನೆ ಬೇಡ ಎನ್ನುತ್ತಾರೆ ಸಲಹೆಗಾರ್ತಿ ಟೀಚರ್.
– ಒಬ್ಬ ತಾಯಿ, ನ್ಯೂಜೆರ್ಸಿ

ಉತ್ತರ: ಅಮೆರಿಕದ 1984ರ ಈಕ್ವಲ್ ಆಕ್ಸೆಸ್ ಕಾಯ್ದೆಯನ್ನು ಮುಂದಿಡಿ. ಅಲ್ಲಿನ ಕೇಂದ್ರ ಸರ್ಕಾರದ ನೆರವು ಪಡೆಯುವ ಪಬ್ಲಿಕ್ ಹೈಸ್ಕೂಲು, ಪಾಠಕ್ಕೆ ಸಂಬಂಧಿಸದ ಒಂದೇ ಒಂದು ಸಂಘಕ್ಕೆ ಜಾಗ ಕೊಟ್ಟಿದ್ದರೂ ಧಾರ್ಮಿಕ ಸಂಘಕ್ಕೆ ಇಲ್ಲ ಎನ್ನುವಂತಿಲ್ಲ. 1990ರಲ್ಲಿ ಮರ್ಜೆನ್ಸ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಎತ್ತಿಹಿಡಿದಿದೆ. ಧಾರ್ಮಿಕ ಸಭೆಯಲ್ಲಿ ಟೀಚರ್ ಭಾಗವಹಿಸದೆ ಕೂತಿರಬಹುದು ಅಷ್ಟೆ. ಶಿಸ್ತು, ಸುರಕ್ಷತೆ ನೋಡಿಕೊಳ್ಳಬಹುದು. ಯಾವ ಪ್ರಾರ್ಥನೆ ಎಂದು ಆರಿಸುವುದು ಅವರ ಕೆಲಸವಲ್ಲ. ಮಗನೇ ಪ್ರಿನ್ಸಿಪಾಲರಿಗೆ ಇಮೇಲ್ ಬರೆಯಲಿ, ನೀವು ಬರೆಯಬೇಡಿ, ಏಕೆಂದರೆ ಸಂಘ ವಿದ್ಯಾರ್ಥಿಗಳೇ ಕಟ್ಟಿದ್ದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಮ್ಮವರು ಎಡವುವುದೂ ಇಲ್ಲೇ: ವಾರ ವಾರ ಅಪ್ಪ ಅಮ್ಮ ಹೋಗಿ ಭಜನೆ ಹೇಳಿಕೊಡುವುದು, ದೇವಸ್ಥಾನದ ಅರ್ಚಕರನ್ನು ಕರೆಸಿ ಸಭೆ ನಡೆಸುವುದು. ಹೊರಗಿನವರು ನಡೆಸಬಾರದು, ನಿಯಮಿತವಾಗಿ ಹಾಜರಿರಲೂ ಬಾರದು ಎಂದು ಅದೇ ಕಾಯ್ದೆಯಲ್ಲಿದೆ. ಖಾಸಗಿ ಶಾಲೆಗೆ ಇದ್ಯಾವುದೂ ಅನ್ವಯಿಸುವುದಿಲ್ಲ.