ಸರೋವರದ ಊರಿಗೂ ಒಂದು ಪಂಚಾಂಗ ಇದೆ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಹತ್ತು ಊರು ಓಡಾಡುವ ಬದಲು ಒಂದೇ ಊರಲ್ಲಿ ಕೂತು ನೋಡಿ ಅಂತ ಕಳೆದ ಸಂಚಿಕೆಯಲ್ಲಿ ಬರೆದಿರಿ. ನಮ್ಮಂಥವರಿಗೆ ಅದು ಆಗುವ ಮಾತಾ? 2027ರ ಬೇಸಿಗೆ ರಜೆಯಲ್ಲಿ ಅತ್ತೆ, ಇಬ್ಬರು ಮಕ್ಕಳು ಸೇರಿ ಐದು ಜನ ಯುರೋಪಿಗೆ ಹೊರಟಿದ್ದೇವೆ. ಏಪ್ರಿಲ್ ಎರಡನೇ ವಾರ, ಒಂಬತ್ತು ದಿನ, ನಾಲ್ಕು ದೇಶ. ಆಸ್ಟ್ರಿಯಾದ ಹಾಲ್‌ಸ್ಟಾಟ್ ಸರೋವರವೂ ಇದೆ, ಎರಡು ಗಂಟೆ. ಜೀವನದಲ್ಲಿ ಒಂದೇ ಸಲ ಹೋಗುವವರು ಎಲ್ಲಾ ನೋಡಿಕೊಂಡು ಬಂದರೆ ತಪ್ಪಾ? ಆಗ ಅಲ್ಲಿ ವಸಂತ ಅಲ್ವಾ, ಹಬ್ಬ-ಗಿಬ್ಬ ಏನಾದರೂ ಇದ್ದರೆ ಅದನ್ನಾದರೂ ತಿಳಿಸಿ."

ತಪ್ಪೇನಿಲ್ಲ ಮೇಡಂ. ಪ್ಯಾಕೇಜಿನವರು ವೀಸಾ ಕಾಗದ ನೋಡಿಕೊಳ್ಳುತ್ತಾರೆ, ಸೂಟ್‌ಕೇಸ್ ಹೊರುತ್ತಾರೆ, ನಿಮ್ಮ ಅತ್ತೆಯವರಿಗೆ ರಾತ್ರಿ ಅನ್ನ-ಸಾರು ಕೊಡುತ್ತಾರೆ. ಅರವತ್ತೈದು ದಾಟಿದವರನ್ನು ಕರೆದುಕೊಂಡು ಗೊತ್ತಿಲ್ಲದ ದೇಶದಲ್ಲಿ ರೈಲು ಬದಲಾಯಿಸುವುದು ತಮಾಷೆಯಲ್ಲ. ಇಷ್ಟು ಒಪ್ಪಿದ್ದಾಯಿತು. ಇನ್ನು ನನ್ನ ಮಾತು.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೆಯ ಸಾಲು. ತಾರೀಖು ಗೊತ್ತು ಮಾಡಿಕೊಂಡು ಆಮೇಲೆ ಹಬ್ಬ ಕೇಳಿದ್ದೀರಿ. ಹುಡುಗಿ ನೋಡದೆ ಛತ್ರ ಬುಕ್ ಮಾಡಿದ ಹಾಗಾಯಿತು.

ಈ ಎಡವಟ್ಟು ನಾನೂ ಮಾಡಿದವನೇ. ಮೊದಲ ಸಲ ಹೋದದ್ದು ನಿಮ್ಮ ಹಾಗೆಯೇ ಏಪ್ರಿಲ್ ನಡುವೆ, ಗುಂಪಿನ ಜೊತೆ. ನಮ್ಮ ತಲೆಯಲ್ಲಿ ವಸಂತ ಅಂದರೆ ಮಾವಿನ ಚಿಗುರು, ಯುಗಾದಿ. ಅಲ್ಲಿ ಬೆಟ್ಟದ ಅರ್ಧಕ್ಕೆ ಇನ್ನೂ ಹಿಮ, ಕೆಳಗೆ ಜಿಟಿಜಿಟಿ ಮಳೆ. ಮೇಲೆ ಹೋಗುವ ಕೇಬಲ್ ಕಾರು ಬಂದ್. ಸ್ಕೀ ಆಟದ ಕಾಲ ಮುಗಿದು ಬೇಸಿಗೆಯ ಕಾಲ ಶುರುವಾಗುವ ನಡುವೆ ಅಂಥ ಎಷ್ಟೋ ಕೇಬಲ್ ಕಾರುಗಳನ್ನು ರಿಪೇರಿಗೆ ನಿಲ್ಲಿಸುತ್ತಾರೆ. ನಮ್ಮನ್ನು ಕರೆದುಕೊಂಡು ಹೋದವರಿಗೆ ಅದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಲಿಲ್ಲವೋ. ಹಾಲ್‌ಸ್ಟಾಟಿನಲ್ಲಿ ಇಳಿಸಿ "ನಲವತ್ತು ನಿಮಿಷ" ಅಂದರು. ಅದರಲ್ಲಿ ಹದಿನೈದು ನಿಮಿಷ ಶೌಚಾಲಯದ ಸಾಲಿಗೆ ಹೋಯಿತು. ಉಳಿದದ್ದರಲ್ಲಿ ಇಗರ್ಜಿಯ ಚೂಪು ಗೋಪುರದ ಮುಂದೆ ಫೋಟೊ. ಆ ಫೋಟೊದಲ್ಲಿ ನನ್ನ ಹೆಂಡತಿಯ ಮುಖ ನೋಡಿದರೆ ಇವತ್ತಿಗೂ ನಗು ಬರುತ್ತದೆ, ಅವಳಿಗೆ ಬರುವುದಿಲ್ಲ.

ಹಾಲ್‌ಸ್ಟಾಟ್ ಇರುವ ಸೀಮೆಗೆ ಸಾಲ್ಜ್‌ಕಾಮರ್‌ಗುಟ್ ಅಂತ ಹೆಸರು. ಹೆಸರಲ್ಲೇ ಉಪ್ಪಿದೆ. ಸಾವಿರಾರು ವರ್ಷದಿಂದ ಉಪ್ಪು ಅಗೆದ ಬೆಟ್ಟಗಳು, ನಡುನಡುವೆ ಡಜನ್‌ಗಟ್ಟಲೆ ಸರೋವರಗಳು. ಹಾಲ್‌ಸ್ಟಾಟ್ ಮತ್ತು ಸುತ್ತಲ ಡಾಖ್‌ಸ್ಟೈನ್ ಬೆಟ್ಟದ ಸೀಮೆ 1997ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಅಲ್ಲಿಯವರ ವಸಂತ ಕ್ಯಾಲೆಂಡರಿನ ತಾರೀಖು ನೋಡಿ ಬರುವುದಿಲ್ಲ, ನಮ್ಮದರಂತೆ ಚಂದ್ರನನ್ನು ನೋಡಿ ಬರುತ್ತದೆ. ಮಾರ್ಚ್ 21 ಅಥವಾ ಅದರ ನಂತರದ ಹುಣ್ಣಿಮೆ ಕಳೆದು ಬರುವ ಭಾನುವಾರ ಈಸ್ಟರ್. 2027ರಲ್ಲಿ ನಮ್ಮ ಹೋಳಿ ಹುಣ್ಣಿಮೆ ಮಾರ್ಚ್ 22ಕ್ಕೆ, ಅವರ ಈಸ್ಟರ್ 28ಕ್ಕೆ. ಲೆಕ್ಕ ಒಂದೇ ಮೇಡಂ, ದೇವರು ಬೇರೆ.

ಅಂದರೆ ನೀವು ಏಪ್ರಿಲ್ ಎರಡನೇ ವಾರ ಇಳಿಯುವ ಹೊತ್ತಿಗೆ ಈಸ್ಟರ್ ಮುಗಿದು ಹದಿನೈದು ದಿನ. ಗುಡ್ ಫ್ರೈಡೆಯ ಮುನ್ನಾದಿನ ಇಗರ್ಜಿ ಗಂಟೆಗಳು ಮೌನವಾಗುತ್ತವೆ. "ಗಂಟೆಗಳು ರೋಮಿಗೆ ಹೋಗಿವೆ" ಅಂತ ಮಕ್ಕಳಿಗೆ ಹೇಳುತ್ತಾರೆ. ಅದರ ಬದಲು ಮಕ್ಕಳೇ ಮರದ ಗಿಲಕಿ ಕಟಕಟ ತಿರುಗಿಸುತ್ತಾ ಬೀದಿ ಸುತ್ತುತ್ತಾರೆ. ಅದೂ ನಿಮಗೆ ಸಿಗುವುದಿಲ್ಲ. ಮೇ 1ಕ್ಕೆ ಊರೂರಲ್ಲಿ ಉದ್ದನೆಯ ಮರದ ಕಂಬ ನಿಲ್ಲಿಸುತ್ತಾರೆ. ಹಿಂದಿನ ರಾತ್ರಿ ಪಕ್ಕದೂರಿನ ಹುಡುಗರು ಅದನ್ನು ಕದಿಯದಂತೆ ಕಾವಲು ಬೇರೆ. ಕದ್ದರೆ ಬಿಡಿಸಿಕೊಳ್ಳಲು ಬಿಯರ್ ದಂಡ. ಅದೂ ಇಲ್ಲ. ಮೇ 12ರಿಂದ 15ರವರೆಗೆ "ಹಿಮದ ಸಂತರು" ಬಂದು ಹೋಗುವ ತನಕ ಟೊಮ್ಯಾಟೊ ಸಸಿ ಹೊರಗೆ ನೆಡಬಾರದು ಅಂತ ಅಲ್ಲಿನ ಅಜ್ಜಿಯರ ಕಟ್ಟಪ್ಪಣೆ. ಆ ನಾಲ್ಕು ದಿನಕ್ಕೂ ಒಬ್ಬೊಬ್ಬ ಸಂತರ ಹೆಸರು, ಕೊನೆಯವಳು "ಚಳಿ ಸೋಫಿ". ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅನ್ನುವ ನಮ್ಮ ಅಜ್ಜಿಯನ್ನು ಅಲ್ಲಿ ಕೂರಿಸಿದರೆ ಇಬ್ಬರಿಗೂ ಭಾಷೆಯೇ ಬೇಕಾಗಲಿಕ್ಕಿಲ್ಲ.

ನಿಜವಾದ ಸಂಭ್ರಮ ಆಮೇಲಿನದು. ಈಸ್ಟರ್ ಆಗಿ ಅರವತ್ತನೇ ದಿನ, ಗುರುವಾರ, ಪ್ರಸಾದದ ರೊಟ್ಟಿಯನ್ನೇ ಯೇಸುವೆಂದು ಪೂಜಿಸುವ ಕಾರ್ಪಸ್ ಕ್ರಿಸ್ಟಿ ಹಬ್ಬ. ಹಾಲ್‌ಸ್ಟಾಟಿನಲ್ಲೂ ಟ್ರೌನ್‌ಕಿರ್ಖೆನ್ ಎಂಬ ಊರಿನಲ್ಲೂ ಅಂದು ಮೆರವಣಿಗೆ ಹೋಗುವುದು ನೀರಿನ ಮೇಲೆ. ಹದಿನೇಳನೇ ಶತಮಾನದಿಂದ ನಡೆದು ಬಂದ ಪದ್ಧತಿ. ಪಾದ್ರಿ ಬಂಗಾರದ ಪ್ರಭಾವಳಿಯಂಥ ಪಾತ್ರೆಯಲ್ಲಿ ಪ್ರಸಾದದ ರೊಟ್ಟಿ ಹಿಡಿದು ಹೂವಿನ ದೋಣಿಯಲ್ಲಿ ನಿಂತಿರುತ್ತಾರೆ. ಹಿಂದೆ ಮುಂದೆ ಚಪ್ಪಟೆ ತಳದ ಮರದ ದೋಣಿಗಳು. ಅವುಗಳ ಹೆಸರು ಪ್ಲೆಟ್ಟೆ, ಹಿಂದೆ ಉಪ್ಪು ಸಾಗಿಸುತ್ತಿದ್ದ ಜಾತಿಯ ದೋಣಿ. ಬ್ಯಾಂಡಿನವರೂ ದೋಣಿಯಲ್ಲೇ. ನಮ್ಮ ತೆಪ್ಪೋತ್ಸವ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಅತ್ತೆ ಒಂದು ನೋಟದಲ್ಲಿ ಅರ್ಥ ಮಾಡಿಕೊಂಡು ಕೈ ಮುಗಿಯುತ್ತಾರೆ.

2027ರಲ್ಲಿ ಆ ಗುರುವಾರ ಬೀಳುವುದು ಮೇ 27ಕ್ಕೆ. 2026ರಲ್ಲಿ ಜೂನ್ 4 ಇತ್ತು, ಶಾಲೆ ಶುರುವಾದ ಮೇಲೆ. ಈ ಸಲ ಹುಣ್ಣಿಮೆ ನಿಮ್ಮ ಮಕ್ಕಳಿಗಾಗಿಯೇ ಬೇಗ ಬಂದಿದೆ ಅಂದುಕೊಳ್ಳಿ. ಎರಡು ದಿನ ಶಾಲೆ ತಪ್ಪಿದರೆ ತಪ್ಪಲಿ ಬಿಡಿ, ಸಂಪಾದಕರು ಹೇಳಿದರು ಅನ್ನಿ.

ಇನ್ನೊಂದು, ಪಕ್ಕದ ಬಾಡ್ ಔಸೆ ಕಡೆಯ ನಾರ್ಸಿಸಸ್ ಹೂವಿನ ಹಬ್ಬ. 1960ರಲ್ಲಿ ಶುರುವಾದದ್ದು. ತಾರೀಖು ವರ್ಷ ವರ್ಷ ಬದಲಾಗುತ್ತದೆ, ಹೊರಡುವ ಮುಂಚೆ ಕೇಳಿಕೊಳ್ಳಿ, ಹೆಚ್ಚಾಗಿ ಮೇ ಕೊನೆಯ ಆಸುಪಾಸು. ಹಿಮ ಕರಗಿದ ಹುಲ್ಲುಗಾವಲಲ್ಲಿ ನಕ್ಷತ್ರದಂಥ ಬಿಳಿ ಹೂ, ನಡುವೆ ಹಳದಿ ಬಟ್ಟಲು, ಬಟ್ಟಲಿಗೆ ಕೆಂಪು ಅಂಚು. ಎರಡನೇ ಸಲ ಹೋದಾಗ ಒಂದು ಮನೆಯಲ್ಲಿ ಐದು ರಾತ್ರಿ ಉಳಿದಿದ್ದೆವು. ಈ ಹೂವಿನ ಹಬ್ಬದ ಮೆರವಣಿಗೆಯ ಮುನ್ನಾದಿನ ಮನೆಯಾಕೆ ನಮ್ಮನ್ನು ಒಂದು ಕೊಟ್ಟಿಗೆಗೆ ಕರೆದುಕೊಂಡು ಹೋದರು. ಒಳಗೆ ಕಬ್ಬಿಣದ ಚೌಕಟ್ಟಿಗೆ ತಂತಿಬಲೆ ಸುತ್ತಿ ಮಾಡಿದ ಕರಡಿ, ಆಳೆತ್ತರ ಮೀರಿದ್ದು. ಸುತ್ತ ಬಕೆಟ್ ಬಕೆಟ್ ಹೂ. ಏಳೆಂಟು ಹೂವಿನ ಸಣ್ಣ ಕಟ್ಟು ಮಾಡಿ ತಂತಿ ಸಂದಿಗೆ ತೂರಿಸಬೇಕು, ತಂತಿ ಕಾಣಬಾರದು. ನನ್ನ ಕಟ್ಟುಗಳೆಲ್ಲ ಉದುರಿದವು. ಹೆಂಡತಿ ಹುಟ್ಟಿದಾಗಿನಿಂದ ಮೊಗ್ಗು ಕಟ್ಟಿದ ಕೈಯವಳು. ಅರ್ಧ ಗಂಟೆಯಲ್ಲಿ ಕರಡಿಯ ಒಂದು ಕಿವಿ ಪೂರಾ ಮುಗಿಸಿದಳು. ಪಕ್ಕದ ಹೆಂಗಸರು ಕೆಲಸ ನಿಲ್ಲಿಸಿ ಅವಳ ಬೆರಳನ್ನೇ ನೋಡಿದರು. ಹೂವಿನ ವಾಸನೆ ಎಷ್ಟು ಗಾಢ ಅಂದರೆ ತಲೆ ನೋಯಲು ಶುರುವಾಯಿತು. ಮಾರನೇ ದಿನ ಆ ಕರಡಿ ದೋಣಿ ಹತ್ತಿ ಸರೋವರದ ಮೇಲೆ ತೇಲಿ ಬಂದಾಗ ಇವಳು ಜೋರಾಗಿ ಕೂಗಿದ್ದು ಕನ್ನಡದಲ್ಲಿ: "ನನ್ನ ಕಿವಿ, ನನ್ನ ಕಿವಿ!"

ನಲವತ್ತು ನಿಮಿಷದಲ್ಲಿ ಇದು ಸಿಗುತ್ತಾ, ಹೇಳಿ.

ಇನ್ನು ಹಾಲ್‌ಸ್ಟಾಟಿನವರ ಕಡೆಯಿಂದಲೂ ಒಂದು ಮಾತು. ಆ ಊರಿನ ಜನಸಂಖ್ಯೆ ಸುಮಾರು 750. ಸೀಸನ್ನಿನಲ್ಲಿ ಒಂದೇ ದಿನ ಹತ್ತು ಸಾವಿರದವರೆಗೂ ಜನ ಬಂದಿಳಿದದ್ದಿದೆ. ಚೀನಾದವರಂತೂ ಊರನ್ನೇ ನಕಲು ಮಾಡಿ 2012ರಲ್ಲಿ ತಮ್ಮ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಕಟ್ಟಿಕೊಂಡರು. 2023ರಲ್ಲಿ ಸೆಲ್ಫಿ ಜಾಗಕ್ಕೆ ಅಡ್ಡವಾಗಿ ಊರವರು ಮರದ ಹಲಗೆ ನಿಲ್ಲಿಸಿದರು. ಗದ್ದಲವಾಗಿ ತೆಗೆದರು. ಅದೇ ಆಗಸ್ಟ್‌ನಲ್ಲಿ ಊರಿಗೆ ಬರುವ ಸುರಂಗದ ರಸ್ತೆಯನ್ನೇ ಸ್ವಲ್ಪ ಹೊತ್ತು ತಡೆದು ಕೂತರು. ನಿಮ್ಮೂರಿಗೆ ದಿನಾ ನೂರು ಬಸ್ಸು ಬಂದು, ಜನ ಇಳಿದು, ಬೆಣ್ಣೆ ದೋಸೆಯ ಫೋಟೊ ತೆಗೆದು, ನಿಮ್ಮ ಮನೆ ಕಿಟಕಿಯೊಳಗೆ ಇಣುಕಿ, "ದಾವಣಗೆರೆ ಆಯ್ತು" ಅಂತ ಹೊರಟರೆ ಹೇಗಿರುತ್ತೆ? ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅದನ್ನು ಕೇಳಿಕೊಂಡು ಬಂದವರಿಗೂ ಇವರಿಗೂ ನೀವು ಒಂದೇ ಮರ್ಯಾದೆ ಕೊಡುತ್ತೀರಾ?

ನನ್ನ ಹೊಟ್ಟೆಯುರಿ ಬರೀ ಯುರೋಪಿನದಲ್ಲ ಬಿಡಿ. ಈಗ ನಮ್ಮೂರ ತೇರಿಗೂ ಬೆಂಗಳೂರಿನಿಂದ ಬರುವವರು ಕೇಳುವುದು "ಪಾರ್ಕಿಂಗ್ ಇದೆಯಾ, ಎಷ್ಟು ಹೊತ್ತಿಗೆ ಮುಗಿಯುತ್ತೆ" ಅಂತ. ತೇರು ಎಳೆಯುವಾಗ ಹಗ್ಗಕ್ಕೆ ಕೈ ಹಾಕುವವರಿಗಿಂತ ಮೊಬೈಲ್ ಎತ್ತಿದ ಕೈ ಜಾಸ್ತಿ. ನಮ್ಮ ಕಚೇರಿಗೆ ಬರುವ ಪ್ರವಾಸ ಲೇಖನಗಳೂ ಹಾಗೇ. ಹತ್ತು ವ್ಯೂ ಪಾಯಿಂಟ್, ಊಟದ ಬಿಲ್ಲು, ಡ್ರೈವರ್ ಮೋಸ ಮಾಡಿದ್ದು. ಆ ಊರಿನ ಒಬ್ಬ ಮನುಷ್ಯನ ಜೊತೆ ಹತ್ತು ನಿಮಿಷ ಮಾತಾಡಿದ್ದು ಒಂದರಲ್ಲೂ ಇಲ್ಲ. ಹಬ್ಬ ಕೇಳಿದ ಓದುಗರು ಈ ವರ್ಷ ನೀವೊಬ್ಬರೇ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹೋಗುವುದಾದರೆ ಹೀಗೆ ಮಾಡಿ. ಮೇ 24ರ ಹೊತ್ತಿಗೆ ಇಳಿದು ಬಾಡ್ ಔಸೆ ಅಥವಾ ಓಬರ್‌ಟ್ರೌನ್‌ನಲ್ಲಿ ಅಡುಗೆಮನೆ ಇರುವ ಜಾಗ ಹಿಡಿಯಿರಿ, ಅತ್ತೆಯವರ ಸಾರಿನಪುಡಿಗೆ ದಾರಿಯಾಗುತ್ತದೆ. ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಎರಡೂ ಊರಿನಿಂದ ಹಾಲ್‌ಸ್ಟಾಟಿಗೆ ರೈಲು ಇದೆ. ನಿಲ್ದಾಣ ಇರುವುದು ಊರಿನ ಎದುರು ದಡದಲ್ಲಿ. ಇಳಿದರೆ ರೈಲಿಗಾಗಿಯೇ ಕಾಯುವ ದೋಣಿ. ಮೊಣಕಾಲು ನೋವಿದ್ದರೂ ಊರನ್ನು ಮೊದಲು ನೀರಿನ ಕಡೆಯಿಂದ ನೋಡಬಹುದು. ಸಂಜೆ ಒಂಬತ್ತರವರೆಗೂ ಬೆಳಕಿರುತ್ತದೆ. ಬಸ್ಸಿನವರು ಹೋದ ಮೇಲೆ ಊರು ಊರವರದ್ದಾಗುತ್ತದೆ.

ಕೊಡೆ ಬೇಡ, ರೈನ್‌ಕೋಟ್ ತೆಗೆದುಕೊಂಡು ಹೋಗಿ. ಕಾರ್ಪಸ್ ಕ್ರಿಸ್ಟಿ ಮೆರವಣಿಗೆಯ ದಿನ ದಡದಲ್ಲಿ ನಿಂತಿದ್ದಾಗ ಸಣ್ಣ ಹನಿ ಶುರುವಾಯಿತು ಅಂತ ನಾನು ಕೊಡೆ ಬಿಚ್ಚಿದೆ. ಹಿಂದಿನಿಂದ ಒಬ್ಬ ಅಜ್ಜಿ ಏನೂ ಹೇಳದೆ ಕೈ ಚಾಚಿ ಕೊಡೆ ಮಡಿಸಿದರು. ದೋಣಿ ಹಾದು ಹೋದ ಮೇಲೆ ತಾವೇ ಬಿಚ್ಚಿ ವಾಪಸ್ ಕೊಟ್ಟರು. ಅಷ್ಟು ಹೊತ್ತೂ ಅವರ ತಲೆಯಲ್ಲಿ ಒಂದು ಸ್ಕಾರ್ಫ್ ಕೂಡ ಇರಲಿಲ್ಲ.

-ಸಂ.