ಓದುಗರ ಪ್ರಶ್ನೆ: ಪ್ಯಾಸೇಜ್ ಅರ್ಥ ಆಗತ್ತೆ, ಆನ್ಸರ್ ಮಾತ್ರ ತಪ್ಪಾಗತ್ತೆ

ಪ್ರಶ್ನೆ: ಮೇಡಂ ನಮಸ್ತೆ. ನಾನು ಸೆಕೆಂಡ್ ಪಿಯುಸಿ ಕಾಮರ್ಸ್, ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ಲಾ ಓದ್ಬೇಕು ಅಂತ ತುಂಬಾ ಆಸೆ ಇದೆ, ಈ ಡಿಸೆಂಬರಲ್ಲಿ ಲಾ ಕಾಲೇಜಿನ ಎಂಟ್ರೆನ್ಸ್ ಕ್ಲಾಟ್ ಬರೀತೀನಿ. ದಿನಾ ಇಂಗ್ಲಿಷ್ ಕಾಂಪ್ರಹೆನ್ಷನ್ ಪ್ರಾಕ್ಟೀಸ್ ಮಾಡ್ತಿದೀನಿ, ಗೊತ್ತಿಲ್ಲದ ವರ್ಡ್ಸ್ ಎಲ್ಲಾ ನೋಟ್‌ಬುಕ್ಕಲ್ಲಿ ಬರ್ಕೊಂಡು ಬಾಯಿಪಾಠ ಮಾಡ್ತೀನಿ. ಆದ್ರೂ ಒಂದು ಪ್ಯಾಸೇಜಿಗೆ ಹತ್ತು ಹನ್ನೆರಡು ನಿಮಿಷ ಹಿಡಿಯತ್ತೆ. ಓದುವಾಗ ಅರ್ಥ ಆದಂಗೇ ಇರತ್ತೆ, ಆಪ್ಷನ್ ನೋಡಿದ ತಕ್ಷಣ ಎರಡು ಸರಿ ಅನ್ಸತ್ತೆ, ನಾನು ಟಿಕ್ ಮಾಡಿದ್ದೇ ತಪ್ಪಾಗಿರತ್ತೆ. ಏನ್ ಮಾಡ್ಲಿ?
ವಿದ್ಯಾರ್ಥಿನಿ, ರಾಣೆಬೆನ್ನೂರು

ಉತ್ತರ: ಮೊದಲು ಆ ವರ್ಡ್ಸ್ ನೋಟ್‌ಬುಕ್ಕನ್ನ ಸ್ವಲ್ಪ ದಿನ ಪಕ್ಕಕ್ಕಿಡಮ್ಮ. ಅದು ವೇಸ್ಟ್ ಅಂತ ಅಲ್ಲ, ಆದ್ರೆ ನಿನ್ನ ಪ್ರಾಬ್ಲಂ ಅಲ್ಲಿಲ್ಲ. "ಎರಡು ಆಪ್ಷನ್ ಸರಿ ಅನ್ಸತ್ತೆ" ಅಂತ ಬರ್ದಿದೀಯಲ್ಲ, ಪ್ರಾಬ್ಲಂ ಇರೋದು ಅಲ್ಲಿ. ನಾಲ್ಕರಲ್ಲಿ ಎರಡನ್ನ ನೀನೇ ತೆಗೆದುಹಾಕ್ತಿದೀಯ ಅಂದ್ರೆ ಇಂಗ್ಲಿಷ್ ನಿನಗೆ ಅರ್ಥ ಆಗ್ತಿದೆ ಅಂತಾನೇ. ಉಳಿದ ಎರಡರಲ್ಲಿ ಯಾವುದು ಅಂತ ಹೇಳೋಕೆ ಡಿಕ್ಷನರಿ ಸಹಾಯ ಮಾಡಲ್ಲ, ಪ್ಯಾಸೇಜಲ್ಲಿರೋ ಸಾಲೇ ಹೇಳ್ಬೇಕು.

ಎಕ್ಸಾಂ ಹೇಗಿದೆ ಅನ್ನೋದು ಸರಿಯಾಗಿ ಗೊತ್ತಿರ್ಲಿ, ಯಾಕಂದ್ರೆ ತುಂಬಾ ಮಕ್ಕಳು ಅಣ್ಣಂದೋ ಪಕ್ಕದ ಮನೆಯವರದೋ ಹಳೇ ಗೈಡ್ ಇಟ್ಕೊಂಡು ಓದ್ತಿರ್ತಾರೆ. 2019ರ ತನಕ ಕ್ಲಾಟಲ್ಲಿ 200 ಪ್ರಶ್ನೆ ಇರ್ತಿತ್ತು, ಸಿನೊನಿಮ್, ಇಡಿಯಮ್, ಗ್ರಾಮರ್ ಅಂತ ನೇರವಾಗಿ ಕೇಳ್ತಿದ್ರು. 2020ರಿಂದ ಪೂರ್ತಿ ಪ್ಯಾಸೇಜ್ ಮೇಲೇ ಪ್ರಶ್ನೆ ಬರೋ ಹಾಗೆ ಮಾಡಿದ್ರು, ಆಗ 150 ಪ್ರಶ್ನೆ ಇತ್ತು, 2024ರ ಕ್ಲಾಟಿಂದ 120 ಪ್ರಶ್ನೆ, 120 ನಿಮಿಷ. ಇಂಗ್ಲಿಷ್ ಸೆಕ್ಷನ್ನಿಗೆ 22ರಿಂದ 26 ಪ್ರಶ್ನೆ. ಪ್ಯಾಸೇಜ್ ಒಂದೊಂದು ಸುಮಾರು 450 ಪದದ್ದು, ಕಥೆ ಕಾದಂಬರಿಯಿಂದಾನೂ ಬರ್ಬಹುದು, ಲೇಖನದಿಂದಾನೂ ಬರ್ಬಹುದು. ಲೀಗಲ್ ರೀಸನಿಂಗ್, ಲಾಜಿಕಲ್ ರೀಸನಿಂಗ್ ಕೂಡ ಪ್ಯಾಸೇಜೇ. ಅಂದ್ರೆ ಇಂಗ್ಲಿಷ್ ಓದೋದನ್ನ ಸರಿ ಮಾಡ್ಕೊಂಡ್ರೆ ಒಂದು ಸೆಕ್ಷನ್ ಅಲ್ಲ, ಮೂರು ಸೆಕ್ಷನ್ನಲ್ಲಿ ಮಾರ್ಕ್ಸ್ ಏರತ್ತೆ.

ಈಗ ಆ ಎರಡು ಆಪ್ಷನ್ ವಿಷಯಕ್ಕೆ ಬರೋಣ. ಒಂದು ಉದಾಹರಣೆ ನಾನೇ ಮಾಡಿ ಕೊಡ್ತೀನಿ, ಕನ್ನಡದಲ್ಲೇ ಹೇಳ್ತೀನಿ. ಕೆರೆ ಹೂಳೆತ್ತೋದರ ಬಗ್ಗೆ ಒಂದು ಪ್ಯಾಸೇಜ್ ಅಂದ್ಕೋ. ಮೊದಲ ಪ್ಯಾರಾದಲ್ಲಿ ಲೇಖಕರು, ಹೂಳು ತೆಗೆದ್ರೆ ಕೆರೇಲಿ ಹೆಚ್ಚು ನೀರು ನಿಲ್ಲತ್ತೆ, ಗೋಡು ಮಣ್ಣು ಹೊಲಕ್ಕೆ ಹೊಡೆದ್ರೆ ಬೆಳೆಗೂ ಒಳ್ಳೇದು, ಊರವರಿಗೂ ಖುಷಿ ಅಂತ ಹೇಳ್ತಾರೆ. ಎರಡನೇ ಪ್ಯಾರಾ "ಹೌಎವರ್" ಅಂತ ಶುರುವಾಗತ್ತೆ. ಕೆರೆಗೆ ನೀರು ತರೋ ಕಾಲುವೆಗಳು ಮುಚ್ಚಿಹೋಗಿದ್ರೆ, ಒತ್ತುವರಿ ಆಗಿದ್ರೆ, ಕೆರೆ ಎಷ್ಟು ಆಳ ಮಾಡಿದ್ರೂ ನೀರು ಬರೋ ದಾರಿನೇ ಇರಲ್ಲ, ಅದಕ್ಕೆ ಅಂಥ ಕಡೆ ಮೊದಲು ಕಾಲುವೆ ಸರಿ ಮಾಡ್ಬೇಕು ಅಂತ ಮುಗಿಯತ್ತೆ. ಲೇಖಕರ ಮುಖ್ಯ ಅಭಿಪ್ರಾಯ ಏನು ಅನ್ನೋದು ಪ್ರಶ್ನೆ.

ಎ: ಹೂಳೆತ್ತೋದ್ರಿಂದ ಉಪಯೋಗ ಇಲ್ಲ.
ಬಿ: ಹೂಳೆತ್ತಿದ್ರೆ ಕೆರೇಲಿ ಹೆಚ್ಚು ನೀರು ನಿಲ್ಲತ್ತೆ.
ಸಿ: ಒತ್ತುವರಿ ಮಾಡಿದವರ ಮೇಲೆ ಕ್ರಮ ತಗೋಬೇಕು.
ಡಿ: ಕಾಲುವೆ ಹಾಳಾಗಿರೋ ಕಡೆ ಬರೀ ಹೂಳೆತ್ತಿದ್ರೆ ಸಾಲದು.

ಎ ಯಾಕೆ ತಪ್ಪು? ಲೇಖಕರು ಹೇಳಿದ್ದಕ್ಕಿಂತ ಜಾಸ್ತಿ ಹೇಳತ್ತೆ. ಉಪಯೋಗ ಇದೆ ಅಂತ ಮೊದಲ ಪ್ಯಾರಾದಲ್ಲಿ ಅವರೇ ಒಪ್ಕೊಂಡಿದಾರೆ. ಬಿ ಪ್ಯಾಸೇಜಲ್ಲಿ ಇದೆ, ನಿಜ, ಬೆರಳಿಟ್ಟು ತೋರಿಸ್ಬಹುದು, ಆದ್ರೆ ಅದು ಅರ್ಧ ದಾರಿ, "ಹೌಎವರ್" ಆದ್ಮೇಲೆ ಲೇಖಕರು ಮುಂದಕ್ಕೆ ಹೋಗಿದಾರೆ. ಸಿ ಇದೆಯಲ್ಲ, ನಿನ್ನಂಥ ಹುಡುಗೀರು ಬೀಳೋದು ಅಲ್ಲೇ. ಹಳ್ಳಿ ಕಡೆಯವಳು, ಕೆರೆ ಒತ್ತುವರಿ ಕಣ್ಣಾರೆ ನೋಡಿರ್ತೀಯ, ಸಿಟ್ಟು ಇರತ್ತೆ, ಓದಿದ ತಕ್ಷಣ ಹೌದು ಅನ್ಸತ್ತೆ. ಮಾತು ಸರಿನೇ ಇರ್ಬಹುದು, ಆದ್ರೆ ಲೇಖಕರು ಶಿಕ್ಷೆ ಬಗ್ಗೆ ಒಂದಕ್ಷರ ಬರ್ದಿಲ್ಲ. ನಿನ್ನ ಅಭಿಪ್ರಾಯ ಇಲ್ಲಿ ಯಾರೂ ಕೇಳಿಲ್ಲ, ಲೇಖಕರದ್ದು ಕೇಳಿದಾರೆ. ಹಾಗಾಗಿ ಡಿ.

ಕಷ್ಟದ ಪ್ರಶ್ನೆಗಳಲ್ಲಿ ತಪ್ಪು ಆಪ್ಷನ್ ಬಹುತೇಕ ಹೀಗೇ ಇರತ್ತೆ: ಅತಿಯಾಗಿ ಹೇಳೋದು, ಅರ್ಧ ಹೇಳೋದು, ಪ್ಯಾಸೇಜಿನ ಹೊರಗಿಂದು, ಇಲ್ಲಾ ಉಲ್ಟಾ. "ಆಲ್ವೇಸ್", "ನೆವರ್", "ಓನ್ಲಿ" ಥರದ ಪದ ಕಂಡ್ರೆ ನಿಂತು ಪ್ಯಾಸೇಜಲ್ಲಿ ಅಷ್ಟು ಖಡಾಖಂಡಿತವಾಗಿ ಹೇಳಿದಾರಾ ಅಂತ ನೋಡು. ಈಗ ನಿನ್ನ ನೋಟ್‌ಬುಕ್ಕಿಗೆ ಹೊಸ ಕೆಲಸ ಕೊಡ್ತೀನಿ. ತಪ್ಪಾದ ಪ್ರತಿ ಪ್ರಶ್ನೆಗೂ ಒಂದೇ ಸಾಲು ಬರಿ, ನಾನು ಹಾಕಿದ್ದು ಈ ನಾಲ್ಕರಲ್ಲಿ ಯಾವ ಥರದ್ದು, ಸರಿ ಉತ್ತರಕ್ಕೆ ಆಧಾರ ಪ್ಯಾಸೇಜಿನ ಯಾವ ಸಾಲು. ಆ ಸಾಲು ಸಿಗೋ ತನಕ ಮುಂದಿನ ಪ್ಯಾಸೇಜಿಗೆ ಹೋಗ್ಬೇಡ. ಬೇಕಿದ್ರೆ ದಿನಕ್ಕೆ ಎರಡೇ ಪ್ಯಾಸೇಜ್ ಮಾಡು, ಪರವಾಗಿಲ್ಲ, ಐದು ಮಾಡಿ ಕೀ ಆನ್ಸರ್ ನೋಡಿ ಮಾರ್ಕ್ಸ್ ಎಣಿಸಿ ಮುಚ್ಚಿಡೋದಕ್ಕಿಂತ ಅದೇ ಒಳ್ಳೇದು. ಕೆಲವು ವಾರ ಮಾಡಿದ್ರೆ ಒಂದು ವಿಷಯ ತಾನೇ ಗೊತ್ತಾಗತ್ತೆ, ಒಬ್ಬೊಬ್ಬರಿಗೆ ಒಂದೊಂದು ಥರದ ತಪ್ಪೇ ಮತ್ತೆ ಮತ್ತೆ ಆಗ್ತಿರತ್ತೆ.

ಇನ್ನು ನಿಧಾನ ಆಗೋ ವಿಷಯ. ನನಗನ್ಸೋದು ನೀನು ಪ್ರತಿ ವಾಕ್ಯನೂ ಮನಸ್ಸಲ್ಲೇ ಕನ್ನಡಕ್ಕೆ ತಿರುಗಿಸ್ತಿದೀಯ. ಕನ್ನಡ ಮೀಡಿಯಂನಿಂದ ಬಂದ ತುಂಬಾ ಮಕ್ಕಳು ಹಾಗೇ ಮಾಡ್ತಾರೆ, ಅದರಲ್ಲಿ ನಾಚಿಕೆ ಏನಿಲ್ಲ, ಆದ್ರೆ ಅದಕ್ಕೆ ಯಾಕೆ ಟೈಮ್ ಹಿಡಿಯತ್ತೆ ಅಂತ ತಿಳ್ಕೋ. ನಮ್ಮ ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೇಲಿ ಬರತ್ತೆ, ಅದಕ್ಕೇ ಕೊನೇ ತನಕ ಕಾದು ಆಮೇಲೆ ಅರ್ಥ ಮಾಡ್ಕೊಳೋ ಅಭ್ಯಾಸ ನಮಗೆ. ಇಂಗ್ಲಿಷಲ್ಲಿ ಕರ್ತೃ ಆದ್ಮೇಲೆ ಕ್ರಿಯಾಪದ ಬಂದುಬಿಡತ್ತೆ, ಉಳಿದಿದ್ದೆಲ್ಲ ಅದರ ಹಿಂದೆ ಬಾಲದ ಥರ ಬರ್ತಾ ಹೋಗತ್ತೆ. ಉದ್ದದ ವಾಕ್ಯ ಬಂದಾಗ ಎರಡೇ ಹುಡುಕು, ಯಾರು, ಏನ್ ಮಾಡಿದ್ರು. "ದಿ ಕೋರ್ಟ್, ವಿಚ್ ಹ್ಯಾಡ್ ಅರ್ಲಿಯರ್ ರೆಫ್ಯೂಸ್ಡ್ ಟು ಹಿಯರ್ ದಿ ಪೆಟಿಷನ್, ಅಗ್ರೀಡ್ ಆನ್ ಮಂಡೇ ಟು ಎಕ್ಸಾಮಿನ್ ಇಟ್" ಅಂತ ಇದ್ರೆ, ಕೋರ್ಟ್ ಅಗ್ರೀಡ್, ಅಷ್ಟೇ ಬೆನ್ನೆಲುಬು. ಮಧ್ಯದ ಕಾಮಾಗಳ ಒಳಗಿರೋದು ಎಕ್ಸ್‌ಟ್ರಾ ಮಾಹಿತಿ. ಇದನ್ನ ಪೇಪರಲ್ಲಿ ಪೆನ್ಸಿಲ್ಲಿಂದ ಗೆರೆ ಹಾಕಿ ಅಭ್ಯಾಸ ಮಾಡು. ವಾಕ್ಯ ವಾಕ್ಯಕ್ಕೆ ಕನ್ನಡ ಮಾಡೋದು ಬಿಟ್ಟು ಪ್ಯಾರಾ ಮುಗಿದ್ಮೇಲೆ ಒಂದೇ ಸಾಲಲ್ಲಿ ಕನ್ನಡದಲ್ಲಿ ಹೇಳ್ಕೋ, "ಇಲ್ಲಿ ಇವ್ರು ಹೀಗಂದ್ರು" ಅಂತ. ಕನ್ನಡ ಬಿಡು ಅಂತ ನಾನು ಯಾವತ್ತೂ ಹೇಳಲ್ಲ, ಅದನ್ನ ಪ್ಯಾರಾ ಕೊನೇಲಿ ಉಪಯೋಗಿಸು ಅಂತಿದೀನಿ.

ಗೊತ್ತಿಲ್ಲದ ಪದ ಬಂದ್ರೆ ನಿಲ್ಬೇಡ, ಸುತ್ತ ಇರೋ ವಾಕ್ಯದಿಂದ ಒಳ್ಳೇದೋ ಕೆಟ್ಟದ್ದೋ ಅಷ್ಟು ಊಹಿಸಿ ಮುಂದೆ ಹೋಗು. ಪದದ ಅರ್ಥ ಕೇಳೋ ಪ್ರಶ್ನೆಗಳೂ ಈಗ ಆ ಸಂದರ್ಭದಲ್ಲಿ ಅರ್ಥ ಏನು ಅಂತಾನೇ ಕೇಳತ್ತೆ.

ಮೊದಲ ಕೆಲವು ವಾರ ವಾಚ್ ನೋಡ್ಬೇಡ. ತಪ್ಪು ಕಡಿಮೆ ಆದ್ಮೇಲೆ ಟೈಮ್ ಇಡು. ಲೆಕ್ಕ ಹೀಗಿದೆ: ನಿಮಿಷಕ್ಕೆ 150 ಪದ ಓದಿದ್ರೆ 450 ಪದಕ್ಕೆ ಮೂರು ನಿಮಿಷ, ಒಂದು ಪ್ಯಾಸೇಜಿಗೆ ಐದು ಪ್ರಶ್ನೆ ಅಂತ ಇಟ್ಕೊಂಡ್ರೂ ಎಲ್ಲಾ ಸೇರಿ ಏಳು ನಿಮಿಷದ ಒಳಗೆ ಮುಗಿಸ್ಬಹುದು. ನಿಮಿಷಕ್ಕೊಂದು ಪ್ರಶ್ನೆ ಅನ್ನೋ ಲೆಕ್ಕಕ್ಕಿಂತ ಇದು ಸ್ವಲ್ಪ ಜಾಸ್ತಿನೇ, ಆ ಟೈಮನ್ನ ಕರೆಂಟ್ ಅಫೇರ್ಸಲ್ಲಿ ಉಳಿಸ್ಕೋ, ಅಲ್ಲಿ ವಿಷಯ ಗೊತ್ತಿದ್ರೆ ಪ್ಯಾಸೇಜ್ ಪೂರ್ತಿ ಓದದೇನೂ ಬಹಳಷ್ಟು ಪ್ರಶ್ನೆ ಮಾಡ್ಬಹುದು. ಮೊದಲು ಪ್ರಶ್ನೆ ಓದ್ಬೇಕಾ ಪ್ಯಾಸೇಜಾ ಅಂತ ಎಲ್ಲರೂ ಕೇಳ್ತಾರೆ. ನಾನಂತೂ ಪ್ಯಾಸೇಜೇ ಮೊದಲು ಅಂತೀನಿ, ಬೇಕಿದ್ರೆ ಪ್ರಶ್ನೆಗಳ ಮೇಲೆ ಒಂದ್ಸಲ ಕಣ್ಣಾಡಿಸು, ಆಪ್ಷನ್ ಮಾತ್ರ ಮೊದಲೇ ಓದ್ಬೇಡ, ನಾಲ್ಕರಲ್ಲಿ ಮೂರು ತಪ್ಪು, ಅವನ್ನ ತಲೇಲಿ ತುಂಬ್ಕೊಂಡು ಓದಿದ್ರೆ ಲೇಖಕರ ಮಾತು ಕಿವಿಗೇ ಬೀಳಲ್ಲ.

ತಪ್ಪು ಉತ್ತರಕ್ಕೆ ಕಾಲು ಮಾರ್ಕ್ ಕಟ್ ಆಗತ್ತೆ. ಎರಡು ಆಪ್ಷನ್ ತೆಗೆದುಹಾಕಿ ಎರಡು ಉಳಿದಿದ್ರೆ ಬಿಟ್ಟುಬರ್ಬೇಡ, ಒಂದು ಹಾಕು, ಲೆಕ್ಕದ ಪ್ರಕಾರ ಲಾಭ ನಿನ್ನ ಕಡೆಗೇ ಇದೆ.

ಓದೋಕೆ ಏನು? ಕ್ಲಾಟ್ ನಡೆಸೋ ಕನ್ಸೋರ್ಷಿಯಂನವರ ವೆಬ್‌ಸೈಟಲ್ಲಿ ಹಳೇ ಪ್ರಶ್ನೆಪತ್ರಿಕೆ ಫ್ರೀಯಾಗಿ ಸಿಗತ್ತೆ, 2020ರಿಂದ ಈಚೆಯದ್ದು ತಗೋ, ಪೇಪರ್‌ ಮೇಲೆ ಪ್ರಿಂಟ್ ತೆಗೆಸು, ಯಾಕಂದ್ರೆ ಪರೀಕ್ಷೆನೂ ಪೆನ್ನು ಪೇಪರಲ್ಲೇ, ಓಎಂಆರ್ ಶೀಟಲ್ಲಿ. ಜೊತೆಗೆ ಒಂದು ಉಪಾಯ ಹೇಳ್ತೀನಿ. ಪ್ರಜಾವಾಣಿ, ಡೆಕ್ಕನ್ ಹೆರಾಲ್ಡ್ ಎರಡೂ ಒಂದೇ ಸಂಸ್ಥೆಯ ಪತ್ರಿಕೆಗಳು, 1948ರಲ್ಲಿ ಎರಡೂ ಶುರುವಾಗಿದ್ದು. ಒಂದೇ ದಿನದ ಒಂದೇ ಸುದ್ದಿನ ಮೊದಲು ಪ್ರಜಾವಾಣೀಲಿ ಓದಿ, ಆಮೇಲೆ ಡೆಕ್ಕನ್ ಹೆರಾಲ್ಡಲ್ಲಿ ಓದು. ವಿಷಯ ಮೊದಲೇ ಗೊತ್ತಿರೋದ್ರಿಂದ ಇಂಗ್ಲಿಷ್ ವಾಕ್ಯ ಹೇಗೆ ಕಟ್ಟಿದಾರೆ ಅನ್ನೋದರ ಮೇಲೆ ಗಮನ ಹೋಗತ್ತೆ. ಅದು ಸಲೀಸಾದ್ಮೇಲೆ ಎಡಿಟೋರಿಯಲ್ ಪೇಜಿಗೆ ಹೋಗು, ಕ್ಲಾಟ್ ಪ್ಯಾಸೇಜಿಗೆ ಹತ್ತಿರ ಇರೋದು ಅದೇ. ಕಥೆ ಪ್ಯಾಸೇಜಿಗೆ ನಿನ್ನ ಪಿಯುಸಿ ಇಂಗ್ಲಿಷ್ ಟೆಕ್ಸ್ಟ್‌ಬುಕ್ಕಿನ ಪಾಠಗಳನ್ನೇ ನೋಟ್ಸ್ ಇಲ್ದೆ ಇನ್ನೊಂದ್ಸಲ ಓದು, ಪಾತ್ರಕ್ಕೆ ಆ ಹೊತ್ತಲ್ಲಿ ಏನನ್ಸ್ತಿದೆ, ಅದನ್ನ ಯಾವ ಸಾಲು ಹೇಳತ್ತೆ ಅಂತ ಹುಡುಕ್ತಾ.

ಪ್ರಶ್ನೆ: ಮಗ ಫಸ್ಟ್ ಪಿಯುಸಿ, ಕ್ಲಾಟ್ ಕೋಚಿಂಗ್ ಬೇಕು ಅಂತಾನೆ. ಫೀಸ್ ಕೇಳಿ ಗಾಬರಿ ಆಯ್ತು. ಇಂಗ್ಲಿಷ್ ಸುಧಾರಿಸೋಕೆ ಕೋಚಿಂಗ್ ಬೇಕೇ ಬೇಕಾ? ನಾನು ಓದಿದ್ದು ಏಳನೇ ಕ್ಲಾಸು, ಮನೇಲಿ ಹೇಳ್ಕೊಡೋರು ಯಾರೂ ಇಲ್ಲ.
ತಾಯಿ, ದಾವಣಗೆರೆ

ಉತ್ತರ: ಅಮ್ಮಾ, ಬರೀ ಇಂಗ್ಲಿಷ್ ಓದು ಸುಧಾರಿಸೋಕೆ ಅಷ್ಟು ದುಡ್ಡು ಸುರಿಬೇಡಿ. ಕೋಚಿಂಗಿಂದ ಸಿಗೋ ನಿಜವಾದ ಉಪಯೋಗ ಮಾಕ್ ಟೆಸ್ಟು, ಅಂದ್ರೆ ಮಾದರಿ ಪರೀಕ್ಷೆ, ಅದನ್ನ ಬರೀ ಟೆಸ್ಟ್ ಸೀರೀಸ್ ಅಂತ ಕಡಿಮೆ ದುಡ್ಡಿಗೂ ಕೊಡ್ತಾರೆ, ಅದೂ ಸೆಕೆಂಡ್ ಪಿಯುಸಿಗೆ ಬಂದ್ಮೇಲೆ ತಗೊಂಡ್ರೆ ಸಾಕು. ಈಗ ಅವನ ಕೈಲಿ ಒಂದು ವರ್ಷಕ್ಕಿಂತ ಹೆಚ್ಚು ಟೈಮ್ ಇದೆ, ದಿನಾ ಅರ್ಧ ಗಂಟೆ ಇಂಗ್ಲಿಷ್ ಪೇಪರ್ ಓದೋದು ಯಾವ ಕ್ಲಾಸಿಗಿಂತಾನೂ ಹೆಚ್ಚು ಕೆಲಸ ಮಾಡತ್ತೆ. ಪೇಪರಿಗೆ ಸೆಂಟ್ರಲ್ ಲೈಬ್ರರಿ ಇದೆ, ಹಳ್ಳಿ ಮಕ್ಕಳಿಗೆ ಪಂಚಾಯಿತಿಯ ಲೈಬ್ರರಿ, ಅಂದ್ರೆ ಅರಿವು ಕೇಂದ್ರ ಇದೆ.

ಹೇಳ್ಕೊಡೋರು ಇಲ್ಲ ಅಂದ್ರಲ್ಲ, ನೀವಿದೀರ. ರಾತ್ರಿ ಊಟಕ್ಕೆ ಕೂತಾಗ ಇವತ್ತು ಇಂಗ್ಲಿಷಲ್ಲಿ ಏನ್ ಓದ್ದೆ, ಕನ್ನಡದಲ್ಲಿ ಹೇಳು ಅಂತ ಕೇಳಿ. ಅವನು ಹೇಳಿದ್ದು ನಿಮಗೆ ಅರ್ಥ ಆಗ್ಲಿಲ್ಲ ಅಂದ್ರೆ ಮುಲಾಜಿಲ್ದೆ "ಯಾಕೆ? ಅದಕ್ಕೇನ್ ಕಾರಣ ಕೊಟ್ಟಿದಾರೆ?" ಅಂತ ಮತ್ತೆ ಕೇಳಿ. ಅವನು ತಡವರಿಸಿದ್ರೆ ಅಲ್ಲಿ ಅವನಿಗೇ ಅರ್ಥ ಆಗಿಲ್ಲ ಅಂತ ಲೆಕ್ಕ, ಹೋಗಿ ಮತ್ತೆ ಓದ್ತಾನೆ. ಪರೀಕ್ಷೇಲಿ ಕೇಳೋದೂ ಇದನ್ನೇ, ಲೇಖಕರು ಏನ್ ಹೇಳಿದ್ರು, ಯಾಕೆ ಹೇಳಿದ್ರು. ಇದಕ್ಕೆ ನಿಮಗೆ ಇಂಗ್ಲಿಷ್ ಬರ್ಬೇಕು ಅಂತೇನಿಲ್ಲ.

ಪ್ರಶ್ನೆ: ನಾನು ಆರ್ಟ್ಸ್ ಸ್ಟೂಡೆಂಟ್ ರೀ, ಡಿಗ್ರಿಗೆ ಸೆಂಟ್ರಲ್ ಯೂನಿವರ್ಸಿಟಿ ಸೇರೋ ಎಂಟ್ರೆನ್ಸ್ ಸಿಯುಇಟಿ ಬರೀಬೇಕಂತ ಮಾಡೀನ್ರಿ. ಕ್ಲಾಟಿನ ಪ್ಯಾಸೇಜ್ ಪ್ರಾಕ್ಟೀಸ್ ಮಾಡಿದ್ರ ಇದಕ್ಕೂ ನಡೀತೈತೇನ್ರಿ?
ವಿದ್ಯಾರ್ಥಿ, ಬಾಗಲಕೋಟೆ

ಉತ್ತರ: ನಡೆಯತ್ತಪ್ಪ, ಆದ್ರೆ ಅದೊಂದೇ ಸಾಲದು. ಸಿಯುಇಟಿ ಇಂಗ್ಲಿಷಲ್ಲಿ ಪ್ಯಾಸೇಜ್ ಜೊತೆ ಸಿನೊನಿಮ್, ಆಂಟೊನಿಮ್, ವಾಕ್ಯದ ತುಂಡುಗಳನ್ನ ಸರಿಯಾಗಿ ಜೋಡಿಸೋದು ಇದೆಲ್ಲಾ ಇರತ್ತೆ, ಹಾಗಾಗಿ ಮೇಲಿನ ಹುಡುಗಿಗೆ ಪಕ್ಕಕ್ಕಿಡು ಅಂದ ವರ್ಡ್ಸ್ ನೋಟ್‌ಬುಕ್ ನಿನಗೆ ಬೇಕು. 2025ರಿಂದ 50 ಪ್ರಶ್ನೆ, 60 ನಿಮಿಷ, ಎಲ್ಲಾ ಪ್ರಶ್ನೆನೂ ಕಡ್ಡಾಯ, ಸರಿಗೆ 5 ಮಾರ್ಕ್, ತಪ್ಪಿಗೆ 1 ಮೈನಸ್. ಕಂಪ್ಯೂಟರ್ ಮೇಲೆ ಬರೆಯೋ ಪರೀಕ್ಷೆ, ಗೆರೆ ಹಾಕೋಕೆ ಆಗಲ್ಲ, ಅದಕ್ಕೆ ಕೆಲವು ಪ್ಯಾಸೇಜನ್ನ ಸ್ಕ್ರೀನ್ ಮೇಲೇ ಓದಿ ರೂಢಿ ಮಾಡ್ಕೋ, ಮೊಬೈಲ್ ಬೇಡ, ಕಾಲೇಜ್ ಲ್ಯಾಬಿನ ಕಂಪ್ಯೂಟರಲ್ಲಿ. ಇನ್ನೊಂದು ಮಾತು, ಸಿಯುಇಟಿಯ 13 ಭಾಷೆಗಳಲ್ಲಿ ಕನ್ನಡನೂ ಇದೆ. ಆದ್ರೆ ನಿನಗೆ ಬೇಕಾದ ಯೂನಿವರ್ಸಿಟಿ, ಬೇಕಾದ ಕೋರ್ಸು ಯಾವ ಭಾಷೆಯ ಪೇಪರ್ ಕೇಳತ್ತೆ ಅಂತ ಅವರ ವೆಬ್‌ಸೈಟಲ್ಲೇ ಮೊದಲು ನೋಡು, ಆಮೇಲೆ ಅಪ್ಲಿಕೇಶನ್ ತುಂಬು.